ಮಾದೇವಮ್ಮನ ಗಾಡಿಗೆ ದೊಡ್ಡ ಚಕ್ರ

ವಿದ್ಯಾರಣ್ಯಪುರಂನಲ್ಲಿ ‘ಪಾತ್ರೆ ಮಾದೇವಮ್ಮ’ ಎಂದರೆ ಆಡುವ ಮಕ್ಕಳೂ ಮನೆ ತೋರಿಸುತ್ತಾರೆ. ಮದುವೆಯಾಗಲಿ, ನಾಮಕರಣವಾಗಲಿ, ತಿಥಿಯಾಗಲಿ, ಹಂಡೆ ಕೊಪ್ಪರಿಗೆ ಬಾಡಿಗೆಗೆ ಬೇಕೆಂದರೆ ಆಕೆಯ ಬಾಗಿಲಿಗೇ ಬರಬೇಕು. ಗಂಡ ಚಿಕ್ಕಯ್ಯ ಲಾರಿ ಓಡಿಸುತ್ತಿದ್ದವನು. ಮಂಡಿ ಸವೆದು ಕ್ಲಚ್ ಒತ್ತಲಾಗದೆ ಅವನು ಮನೆ ಹಿಡಿದಾಗ ನೆಂಟರೆಲ್ಲ ಬಂದು ಅಯ್ಯೋ ಪಾಪ ಎಂದು ಕಾಫಿ ಕುಡಿದು ಹೋದರು. ಮಾದೇವಮ್ಮ ಪಾಪ ಎನ್ನಿಸಿಕೊಳ್ಳುವ ಜಾತಿಯ ಹೆಂಗಸಲ್ಲ. ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸೆರಗು ಬಿಗಿದು, ಬಯಲಿನಲ್ಲಿ ಗಾಡಿ ಕಲಿತಳು. ಒಂದೆರಡು ಬೇಲಿ ಮುರಿದಳು, ಮುರಿದವನ್ನು ತಾನೇ ಕಟ್ಟಿಸಿಕೊಟ್ಟಳು. ಆಮೇಲೆ ಹಳೆಯದೊಂದು ಫೋರ್ ವೀಲ್ ಪಿಕಪ್ ಕೊಂಡಳು. ಕೆಸರಿರಲಿ, ಕಲ್ಲಿರಲಿ, ನಾಲ್ಕು ಚಕ್ರವೂ ಸೇರಿ ಎಳೆಯುವ ಗಾಡಿ.

ಚಿಕ್ಕಯ್ಯನ ಮನೆತನದವರು ಕಾರ್ತಿಕ ಸೋಮವಾರ ಊರಾಚೆಯ ಬೋಳುಗುಡ್ಡದ ಮಾದಪ್ಪನಿಗೆ ಪರ ಮಾಡುತ್ತಾರೆ. ಪರವೆಂದರೆ ದೇವರಿಗೆ ಎಡೆ ಇಟ್ಟು, ಬಂದವರಿಗೆಲ್ಲ ಹೊಟ್ಟೆ ತುಂಬ ಊಟ. ಗುಡ್ಡದ ಮೇಲೆ ಹನಿ ನೀರಿಲ್ಲ. ಅಡುಗೆಯ ನೀರು ಮನೆಯಿಂದಲೇ ಹೋಗಬೇಕು. ಮಡಿಯಲ್ಲಿ ತಾಮ್ರದ ಹಂಡೆ ತುಂಬಿ, ಅರಿಶಿನ ಕುಂಕುಮ ಇಟ್ಟು, ಬಾಯಿಗೆ ಬಿಳಿ ಬಟ್ಟೆ ಕಟ್ಟಿದರೆ ಅದು ಮೀಸಲು ನೀರು. ಹಂಡೆ ಒಮ್ಮೆ ಬಿದಿರ ಬೊಂಬಿನಿಂದ ಹಗ್ಗದಲ್ಲಿ ತೂಗಿ ಹೆಗಲೇರಿತೆಂದರೆ ಗಾಡಿಯ ಹಿಂದಿನ ಹಲಗೆ, ಗುಡಿಯ ಮುಂದಿನ ಒಲೆಗಲ್ಲು ಬಿಟ್ಟು ಬೇರೆಲ್ಲೂ ಇಳಿಸುವಂತಿಲ್ಲ. ಅದು ಏರುವ ತನಕ ಗಾಡಿಗೆ ಒಂದು ಸೌಟೂ ಏರುವಂತಿಲ್ಲ. ಆ ನೀರು ತಂದ ಮನೆಯ ಸೊಸೆಯೇ ಪರದ ಒಲೆ ಹಚ್ಚುವವಳು. ಮಾದೇವಮ್ಮನ ಅತ್ತೆ ಹಚ್ಚಿದ್ದಳು, ಅತ್ತೆಯ ಅತ್ತೆಯೂ ಹಚ್ಚಿದ್ದಳು.

ಹೋದ ವರ್ಷ ಆ ಮರ್ಯಾದೆಗೆ ಕುತ್ತು ಬಂತು. ಮಳೆಗೆ ಮಣ್ಣು ಕೊಚ್ಚಿ ಹೋಗಿ ಗುಡ್ಡದ ದಾರಿಯಲ್ಲಿ ಆನೆಬೆನ್ನಿನಂಥ ಬಂಡೆ ಎದ್ದು ನಿಂತಿತ್ತು. ಗಾಡಿಯ ಹೊಟ್ಟೆ ಅದಕ್ಕೆ ಬಡಿದು, ಎಂಜಿನ್ ಆಯಿಲ್ ಎಲ್ಲ ಸೋರಿ, ಬಂಡಿ ಅಲ್ಲೇ ಕೂತಿತು. ನೀರನ್ನು ಜನ ತಲೆಯ ಮೇಲೆ ಹೊತ್ತರು. ಎಡೆ ಬೀಳುವ ಹೊತ್ತಿಗೆ ದೀಪ ಹಚ್ಚುವ ಸಮಯ. ಉಪವಾಸವಿದ್ದ ಮುದುಕರು ಗುಡಿಯ ಗೋಡೆಗೆ ಒರಗಿ ಕೂತಿದ್ದರು. ಒಬ್ಬರೂ ಮಾದೇವಮ್ಮನ ಮುಖ ನೋಡಿ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ನಿದ್ದೆಯಾದರೂ ಬರುತ್ತಿತ್ತು.

ಪರದ ಯಜಮಾನ ಚಿಕ್ಕಯ್ಯನ ದೊಡ್ಡಪ್ಪನ ಮಗ ಮರಿಯಯ್ಯ, ಲಕ್ಷ್ಮೀಪುರಂ ನಿವಾಸಿ. ಈ ವರ್ಷ ವಿಜಯನಗರದ ಅಡುಗೆ ಕಂಟ್ರಾಕ್ಟರಿಗೆ ಹೇಳಿಬಿಟ್ಟಿದ್ದೇನೆ, ಅವರು ಕ್ಯಾನುಗಳಲ್ಲಿ ನೀರು ತಂದು ತಾವೇ ಬೇಯಿಸುತ್ತಾರೆ ಎಂದು ಅವನು ಸುದ್ದಿ ಕಳಿಸಿದ. ಸುದ್ದಿ ತಂದವನು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮಾದೇವಮ್ಮ ಲಕ್ಷ್ಮೀಪುರಂನಲ್ಲಿದ್ದಳು.

ಮರಿಯಯ್ಯ ಕೂರಲು ಹೇಳಿದ. ಅವಳು ಕೂರಲಿಲ್ಲ.

“ನಮ್ಮತ್ತೆ ಹಚ್ಚಿದ ಒಲೆ ಭಾವ. ಅದನ್ನ ಕಂಟ್ರಾಕ್ಟು ಕೊಡಕ್ಕೆ ನೀವ್ಯಾರು?”

“ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು ಮಾದೇವಿ. ನಿನ್ ಗಾಡಿ ಕೈಲಿ ಆಗಲ್ಲ ಅನ್ನೋದು ಹೋದ್ವರ್ಸನೇ ಕಂಡೋಯ್ತಲ್ಲ.”

“ಹಾಸಿಗೆ ಚಿಕ್ಕದಾದ್ರೆ ಹೊಸದು ಹೊಲಿಸ್ತೀನಿ. ಕಾಲು ಕುಯ್ಕೊಳಾಕಾಗಲ್ಲ.”

ಮಾತಿಗೆ ಮಾತು ಬೆಳೆದು, ಕೊನೆಗೆ ಮರಿಯಯ್ಯನ ಹೆಂಡತಿಯೇ ಒಳಗಿನಿಂದ ಬಂದು ನ್ಯಾಯ ಹೇಳಿದಳು. ಹೊತ್ತು ನೆತ್ತಿಗೆ ಬರುವ ಮುಂಚೆ ಮೀಸಲು ನೀರು ಗುಡಿ ಮುಂದೆ ಬಂದರೆ ಒಲೆ ಮಾದೇವಮ್ಮನದು. ಬರದಿದ್ದರೆ ಅಂದಿಗೆ ಮಾತ್ರವಲ್ಲ, ಎಂದಿಗೂ ಇಲ್ಲ. ಕಂಟ್ರಾಕ್ಟರನ ವ್ಯಾನು ಗುಡ್ಡದ ಬುಡದಲ್ಲಿ ಕಾಯುತ್ತಿರಲಿ. ಮಾದೇವಮ್ಮ ಒಪ್ಪಿ ಬಂದಳು.

ದಾರಿಯ ಬಂಡೆಯನ್ನು ತಗ್ಗಿಸಲಾಗದು, ಗಾಡಿಯನ್ನು ಎತ್ತರಿಸಬಹುದು. ಟೈರು ಅಂಗಡಿಯ ನಿರಂಜನ್ ಗಾಡಿಯ ಕೆಳಗೆ ತೂರಿ, ಹೊಟ್ಟೆಗೂ ನೆಲಕ್ಕೂ ಅಳತೆ ಹಿಡಿದು, ಅದೇ ಕಂಪನಿ ಮೇಲಿನ ಮಾಡೆಲ್‌ಗೆ ಹಾಕುವ ದೊಡ್ಡ ರಿಮ್ಮು ಟೈರು ಹಾಕೋಣ, ಪೊಲೀಸರೂ ತಕರಾರು ತೆಗೆಯುವಂತಿಲ್ಲ ಎಂದ. ಕುಗ್ಗಿ ಹೋಗಿದ್ದ ಹಿಂದಿನ ಸ್ಪ್ರಿಂಗ್ ಪಟ್ಟಿಗಳನ್ನೂ ಬದಲಿಸಿದರೆ ಗಾಡಿ ನಾಲ್ಕು ಬೆರಳು ಏಳುತ್ತದೆ ಎಂದೂ ಹೇಳಿದ. ಗಾಡಿ ತುಸು ಜಡವಾಗುತ್ತದೆ, ಏರಿನಲ್ಲಿ ಗೇರು ಬೇಗ ಇಳಿಸಬೇಕಾಗುತ್ತದೆ, ಮೀಟರು ತೋರಿಸುವುದಕ್ಕಿಂತ ಓಟ ಹೆಚ್ಚಿರುತ್ತದೆ ಎಂದು ಮುಚ್ಚುಮರೆಯಿಲ್ಲದೆ ತಿಳಿಸಿದ. ಚಿಕ್ಕಯ್ಯ ಎಲ್ಲಕ್ಕೂ ತಲೆಯಾಡಿಸಿದ.

ಕೆಲಸ ಮುಗಿದದ್ದು ಪರದ ಹಿಂದಿನ ದಿನ. ಜಾಕಿನಿಂದ ಇಳಿದ ಗಾಡಿಯ ಟೈರುಗಳು ಮೊಸಳೆಯ ಬೆನ್ನಿನಂತೆ ಗಂಟುಗಂಟಾಗಿ ನಿಂತಿದ್ದವು. ಹೊಸ ಸ್ಟೆಪ್ನಿ ಅಡಿಯ ಜಾಗದಲ್ಲಿ ಹಿಡಿಸದೆ ಕ್ಯಾಬಿನ್ನಿನ ಹಿಂದೆ ಹಲಗೆಯ ಮೇಲೆ ಏರಿತ್ತು. ಹಾದು ಹೋಗುವವರು ನಿಂತು ನೋಡಿ, ಮೂಗಿಗಿಂತ ಮೂಗುತಿಯೇ ಭಾರವಾಯಿತು ಎಂದು ನಕ್ಕರು. ನಿರಂಜನ್ ಖಾಲಿ ಗಾಡಿ ನೋಡಿ ನೆಚ್ಚುವವನಲ್ಲ. ನಗುತ್ತಿದ್ದವರನ್ನೇ ಕರೆದು ಹಿಂದೆ ಹತ್ತಿಸಿದ. ಅಕ್ಕಪಕ್ಕದ ಹೆಂಗಸರೂ ಜಾತ್ರೆಗೆ ಹೊರಟವರಂತೆ ಹತ್ತಿದರು. ಅಷ್ಟು ಭಾರದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಟೈರು ಕರಕರ ಎಂದು ಮಡ್‌ಗಾರ್ಡಿನ ಒಳಗನ್ನು ಕಚ್ಚಿತು. ಅಷ್ಟು ಜಾಗ ಕತ್ತರಿಸಿ ಮಡಚಿದ. ಮತ್ತೆ ತಿರುಗಿಸಿದರು, ಸದ್ದಿಲ್ಲ. ಗುಡ್ಡದ ಬುಡದಲ್ಲಿ ಸ್ವಲ್ಪ ಗಾಳಿ ಇಳಿಸಿದರೆ ಟೈರು ಕಲ್ಲನ್ನು ಚೆನ್ನಾಗಿ ತಬ್ಬುತ್ತದೆ, ಬರುವಾಗ ತುಂಬಿಸಿಕೊಳ್ಳಿ ಎಂದು ಬ್ಯಾಟರಿಗೆ ಸಿಕ್ಕಿಸುವ ಪಂಪೊಂದನ್ನು ಕೊಟ್ಟ. ಎಲ್ಲವನ್ನೂ ನೋಡಿದೆವೆಂದು ಮೂವರೂ ನಿಶ್ಚಿಂತರಾದರು.

ಸೋಮವಾರ ಬೆಳಿಗ್ಗೆ ಹಂಡೆ ತುಂಬಿತು, ಬಾಯಿಗೆ ಬಟ್ಟೆ ಕಟ್ಟಿದ್ದಾಯಿತು. ಮರಿಯಯ್ಯನೂ ಕಣ್ಣಾರೆ ನೋಡಲು ಬಂದು ಅಂಗಳದಲ್ಲಿ ನಿಂತ. ನಾಲ್ವರು ದಾಯಾದಿಗಳು ‘ಉಘೇ’ ಎಂದು ಮಾದಪ್ಪನನ್ನು ಕೂಗಿ ಬೊಂಬನ್ನು ಹೆಗಲಿಗೆ ಎತ್ತಿದರು, ಗಾಡಿಯ ಹಿಂದಕ್ಕೆ ಬಂದರು, ಅಲ್ಲಿಗೇ ನಿಂತರು. ಹಿಂದೆಲ್ಲ ಹಂಡೆಯ ಬುಡ ಹಲಗೆಯನ್ನು ಸವರಿಕೊಂಡೇ ಒಳಗೆ ಹೋಗುತ್ತಿತ್ತು. ಈಗ ಹಲಗೆ ನಾಲ್ಕು ಬೆರಳು ಮೇಲಿದೆ. ತುದಿಗಾಲಲ್ಲಿ ನಿಂತರೂ ಹಂಡೆ ಹಲಗೆಯ ಅಂಚಿಗೇ ಬಡಿಯಿತು.

ಗಾಡಿಯ ಹೊಟ್ಟೆಯನ್ನು ಅಳೆದವರು ಬೆನ್ನನ್ನು ಅಳೆದಿರಲಿಲ್ಲ. ಹಿಂದಿನ ದಿನ ಅಷ್ಟು ಜನರ ಭಾರಕ್ಕೆ ಹಲಗೆ ತಗ್ಗಿದ್ದರಿಂದ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಭಾರ ಹೇರಿ ತಗ್ಗಿಸೋಣವೆಂದರೆ ಮೀಸಲಿಗಿಂತ ಮೊದಲು ಏನೂ ಏರುವಂತಿಲ್ಲ. ಹಂಡೆ ಕೆಳಗಿಳಿಸೋಣವೆಂದರೆ ನೀರಿನ ಮೀಸಲು ಕೆಡುತ್ತದೆ. ಹೊತ್ತವರ ಕತ್ತಿನ ನರ ಉಬ್ಬಿದವು.

ಮರಿಯಯ್ಯ ಹೆಗಲ ಟವೆಲ್ಲು ಕೊಡವಿದ. “ಇಳಿಸ್ರಪ್ಪ. ದೇವ್ರಿಗೇ ಇಷ್ಟ ಇಲ್ಲ ಅಂತ ಕಾಣ್ತದೆ.”

“ಹಂಡೆ ಇಳಿಸ್ದವರು ನಮ್ಮನೆ ಹೊಸ್ಲು ತುಳೀಬೇಡಿ” ಎಂದಳು ಮಾದೇವಮ್ಮ. ಆಮೇಲೆ ಗಂಡನ ಕಡೆ ತಿರುಗಿದಳು. “ನೀವು ಆ ಚಕ್ರ ನೋಡ್ಕಳಿ, ನಾನು ಈ ಚಕ್ರ. ಗಾಳಿ ಬುಡಿ.”

ಚಿಕ್ಕಯ್ಯ ಕುಕ್ಕರಗಾಲಲ್ಲಿ ಕೂರಲಾರದವನು ಮಣ್ಣಿನಲ್ಲೇ ಕಾಲು ಚಾಚಿ ಕೂತುಬಿಟ್ಟ. ಇಬ್ಬರೂ ಹಿಂದಿನ ಟೈರುಗಳ ಬಾಯಿ ಬಿಚ್ಚಿದರು. ಗಾಳಿ ಬುಸ್ಸೆಂದು ಬಂತು.

“ಊರೆಲ್ಲ ನೋಡೋಹಂಗೆ ಎತ್ರ ಮಾಡ್ಸುದ್ಲು, ಈಗ ತಾನೇ ಕುಗ್ಗುಸ್ತಾವ್ಳೆ” ಎಂದ ಮರಿಯಯ್ಯ.

“ಎತ್ರ ಮಾಡ್ಸಿದ್ದು ಕಲ್ಲಿಗೆ ಭಾವ. ದೇವ್ರ ನೀರಿಗಲ್ಲ. ಅದರ ಮುಂದೆ ಬಗ್ಗಕ್ಕೆ ನಂಗೇನು ನಾಚ್ಕೆ?”

ಹೊತ್ತವರಲ್ಲೊಬ್ಬ ಸಣ್ಣಮಾದಯ್ಯ, ಸ್ವಲ್ಪ ದಪ್ಪ ಆಳು. ಹಲ್ಲು ಕಚ್ಚಿಕೊಂಡೇ, “ಅತ್ಗೆ, ನನ್ ಗಾಳಿ ಹೋಗೋಕ್ ಮುಂಚೆ ಟೈರಿಂದು ಹೋದ್ರೆ ಸಾಕು” ಎಂದ. ನಕ್ಕರೆ ಹಂಡೆ ಅಲುಗುತ್ತದೆಂದು ಮಿಕ್ಕ ಮೂವರು ನಗು ನುಂಗಿಕೊಂಡರು. ಟೈರು ಬುಡದಲ್ಲಿ ರೊಟ್ಟಿಯಂತೆ ಹರಡಿತು, ಹಲಗೆ ಬೆರಳು ಬೆರಳಾಗಿ ಇಳಿಯಿತು. ರಿಮ್ಮು ನೆಲ ಕಾಣುವ ಮೊದಲೇ ಮಾದೇವಮ್ಮ ಕೈಯೆತ್ತಿ ನಿಲ್ಲಿಸಿದಳು. ಬೊಂಬು ಮುಂದೆ ಸರಿಯಿತು. ಹಂಡೆಯ ಬುಡ ಅಂಚನ್ನು ತುಸು ಉಜ್ಜಿ, ಹಲಗೆಯ ಮೇಲಿನ ಹುಲ್ಲಿನ ಸಿಂಬಿಯಲ್ಲಿ ಕೂತಿತು.

ಪಂಪು ಚಿಕ್ಕದು, ಗಾಳಿ ತುಂಬಿ, ಮಿಕ್ಕ ನೀರಿನ ಡ್ರಮ್ಮು, ಪಾತ್ರೆ ಏರಿಸುವಷ್ಟರಲ್ಲಿ ಬಿಸಿಲು ಬಲಿತಿತ್ತು. ಮರಿಯಯ್ಯನೂ ಹಂಡೆ ಹೊತ್ತವರೂ ಆಗಲೇ ಮುಂದಾಗಿ ಗುಡ್ಡಕ್ಕೆ ಹೋಗಿದ್ದರು. ಗುಡ್ಡದ ಬುಡದಲ್ಲಿ ಕಂಟ್ರಾಕ್ಟರನ ವ್ಯಾನು ನಿಂತಿತ್ತು. ಮಾದೇವಮ್ಮ ಅದರ ಕಡೆ ಕತ್ತು ತಿರುಗಿಸಲಿಲ್ಲ. ನಿರಂಜನ್ ಹೇಳಿದಂತೆ ನಾಲ್ಕೂ ಟೈರಿನ ಗಾಳಿ ಸ್ವಲ್ಪ ಇಳಿಸಿ, ಫೋರ್ ವೀಲ್ ಹಾಕಿ, ಏರು ಹಿಡಿದಳು. ಬಂಡೆಯ ಮುಂದೆ ಬಂದಾಗ ಬ್ರೇಕು ಒತ್ತಿ ನಿಲ್ಲಿಸಿದಳು. ಹೋದ ವರ್ಷದ ಎಣ್ಣೆಯ ಕಪ್ಪು ಕಲೆ ಕಲ್ಲಿನ ಮೇಲೆ ಇನ್ನೂ ಇತ್ತು.

“ಎಡಗಡೆ ಚಕ್ರ ಕಲ್ಲಿನ ಮೇಲೇ ಹತ್ಸು” ಎಂದ ಚಿಕ್ಕಯ್ಯ. “ಕಲ್ಲು ಹೊಟ್ಟೆಗೆ ಸಿಕ್ಬಾರ್ದು, ಕಾಲಿಗೆ ಸಿಕ್ಬೇಕು.”

ಟೈರು ಕಲ್ಲನ್ನು ಕಚ್ಚಿತು. ಗಾಡಿ ಒಂದು ಮಗ್ಗುಲಿಗೆ ವಾಲಿತು, ಹಿಂದೆ ಪಾತ್ರೆಗಳು ಗಲಗಲ ಎಂದವು. ಹಂಡೆಯ ಬಿಳಿ ಬಟ್ಟೆ ತೊಯ್ದಿತು. ಅಡಿಯಿಂದ ಬಡಿತದ ಸದ್ದು ಬರುತ್ತದೇನೋ ಎಂದು ಇಬ್ಬರೂ ಕಿವಿಗೊಟ್ಟರು. ಸದ್ದು ಬರಲಿಲ್ಲ. ಹಿಂದಿನ ಚಕ್ರವೂ ಹತ್ತಿ ಇಳಿಯಿತು, ಬಂಡೆ ಹಿಂದಾಯಿತು.

ಗುಡಿಯ ಮುಂದೆ ಹಂಡೆ ಗಾಡಿಯಿಂದ ಬೊಂಬಿಗೆ, ಬೊಂಬಿನಿಂದ ನೇರ ಒಲೆಗಲ್ಲಿಗೆ ಬಂತು. ಸೂರ್ಯ ಇನ್ನೂ ನೆತ್ತಿಗೆ ಬಂದಿರಲಿಲ್ಲ. ಗುಡಿಯ ನೆರಳು ಪಡುವಲ ಕಡೆಗೆ ಇನ್ನೂ ತುಸು ಚಾಚಿತ್ತು. ಯಜಮಾನನಾದ ಮರಿಯಯ್ಯ ಗುಡಿಯ ದೀಪದಿಂದ ಒಲೆಗೆ ಬೆಂಕಿ ತಂದುಕೊಡಬೇಕಿತ್ತು, ಆದರೂ ಬರಲಿಲ್ಲ. ಹೆಗಲ ಮೇಲೆ ಅಷ್ಟು ಹೊತ್ತು ನಿಂತ ನೀರು, ಹಲಗೆಗೆ ಬಡಿದ ಹಂಡೆ, ಮೀಸಲು ಉಳಿದಿದೆಯೋ ಇಲ್ಲವೋ ಹಿರಿಯರು ಕೂತು ಯೋಚಿಸಬೇಕು ಎಂದು ರಾಗ ಎಳೆದ.

ಮಾದೇವಮ್ಮ ಅವನ ಮುಂದೆ ಹೋಗಿ ನಿಂತಳು.

“ನೆಲ ಮುಟ್ತಾ ಭಾವ?”

ಮರಿಯಯ್ಯ ಹಿರಿಯರ ಕಡೆ ನೋಡಿದ. ಅವಳು ಸಣ್ಣಮಾದಯ್ಯನನ್ನು ಕೇಳಿದಳು. ಅವನು ಅಂಗಿ ಸರಿಸಿ, ಕೆಂಪಗೆ ಕಂದಿದ್ದ ಹೆಗಲನ್ನು ಸುತ್ತಲಿದ್ದವರಿಗೆಲ್ಲ ತೋರಿಸಿದ. ಗೋಡೆಗೆ ಒರಗಿದ್ದ ಮುದುಕಿಯೊಬ್ಬಳು, ಯೋಚನೆ ಮಾಡೋರು ಉಂಡಾದ ಮೇಲೆ ಮಾಡ್ಲಿ ಎಂದು ಗೊಣಗಿದಳು.

ಮಾದೇವಮ್ಮ ಮತ್ತೆ ಯಾರನ್ನೂ ಕೇಳಲಿಲ್ಲ. ಚಪ್ಪಲಿ ಬಿಟ್ಟು ಗುಡಿಯೊಳಗೆ ನಡೆದಳು, ಮಾದಪ್ಪನ ದೀಪಕ್ಕೆ ಕರ್ಪೂರ ಹಿಡಿದಳು, ಅಂಗೈ ಮರೆ ಮಾಡಿಕೊಂಡು ತಂದು ಒಲೆಗೆ ಇಟ್ಟಳು. ಒಣ ಸೌದೆ ಚಟಪಟ ಎಂದು ಹತ್ತಿಕೊಂಡಿತು. ಹೊಗೆ ಕಣ್ಣಿಗೆ ಬಂದರೂ ಮುಖ ತಿರುಗಿಸದೆ ಉರಿ ನಿಲ್ಲುವ ತನಕ ಊದಿದಳು.

ಎದ್ದು ನೋಡಿದರೆ ಮರಿಯಯ್ಯ ಇನ್ನೂ ಅಲ್ಲೇ ನಿಂತಿದ್ದ. ಬೆಲ್ಲದ ಅಚ್ಚುಗಳ ಬುಟ್ಟಿಯನ್ನೂ ಕುಟ್ಟುವ ಗುಂಡುಕಲ್ಲನ್ನೂ ಅವನ ಮುಂದಕ್ಕೆ ತಳ್ಳಿದಳು.

“ಪಾಯಸಕ್ಕೆ ಬೆಲ್ಲ ಜಜ್ಜಿ ಭಾವ. ಜನ ಹಸ್ಕೊಂಡವ್ರೆ.”

ಮರಿಯಯ್ಯ ಸುತ್ತಮುತ್ತ ನೋಡಿದ. ಪಂಚೆ ಎತ್ತಿ ಕಟ್ಟಿದ, ಕೂತ, ಕಲ್ಲು ಕೈಗೆತ್ತಿಕೊಂಡ.