ಬೊಗ್ನಾಳ ಎಡಗೈ

ಕ್ರಾಕೋವ್‌ನ ದೊಡ್ಡ ಚೌಕದ ಮೂಲೆಯಲ್ಲಿ ಬೊಗ್ನಾ ತಳ್ಳುಗಾಡಿ ಇಟ್ಟುಕೊಂಡು ಬಳೆಯಾಕಾರದ ಗಸಗಸೆ ಬ್ರೆಡ್ ಮಾರುತ್ತಿದ್ದಳು. ಪಕ್ಕದಲ್ಲೇ ನನ್ನ ಹೂವಿನ ಅಂಗಡಿ. ಅವಳ ಬಾಯಿ ಜೋರು, ಕೈ ಧಾರಾಳ. ಆದರೆ ತನ್ನದು ಅಂದುಕೊಂಡದ್ದನ್ನು ಮಾತ್ರ ಯಾರಿಗೂ ಬಿಟ್ಟುಕೊಡುವವಳಲ್ಲ. ಟ್ರಾಮ್ ಓಡಿಸುವ ಜೆನೋನ್ ತನ್ನವನು ಎಂದು ಅಂದುಕೊಂಡುಬಿಟ್ಟಿದ್ದಳು. ಹೆಂಡತಿ ತೀರಿಕೊಂಡ ಮೇಲೆ ಆತ ದಿನಾ ಬೆಳಿಗ್ಗೆ ಅವಳ ಹತ್ತಿರವೇ ಬ್ರೆಡ್ ಕೊಂಡು, ಎರಡು ಮಾತಾಡಿ ಹೋಗುತ್ತಿದ್ದ. ಅವನಿಗೆಂದೇ ಚೆನ್ನಾಗಿ ಬೆಂದದ್ದೊಂದನ್ನು ಅವಳು ತೆಗೆದಿಡುತ್ತಿದ್ದಳು. ಇಷ್ಟೇ ಬಂಡವಾಳ.

ಒಂದು ಚಳಿಗಾಲ ಬೊಗ್ನಾ ಜ್ವರ ಬಂದು ಮಲಗಿದಳು. ಗೆಳತಿ ಲುತ್ಸಿನಾ ಒಂದು ವಾರ ಗಾಡಿ ನೋಡಿಕೊಂಡಳು. ಬೊಗ್ನಾ ಎದ್ದು ಬರುವ ಹೊತ್ತಿಗೆ ಜೆನೋನ್ ಬ್ರೆಡ್ ಕೊಳ್ಳುತ್ತಾ ವಿಚಾರಿಸುತ್ತಿದ್ದದ್ದು ಲುತ್ಸಿನಾಳ ಸುದ್ದಿ.

"ಗಾಡಿ ನೋಡ್ಕೋ ಅಂದ್ರೆ ಗಿರಾಕೀನೇ ಎತ್ಕೊಂಡು ಹೋದ್ಲಲ್ಲೇ!" ಎಂದು ನನ್ನ ಮುಂದೆ ಹಲ್ಲು ಕಡಿದಳು. ಲುತ್ಸಿನಾಳ ಎದುರು ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ.

ಈಸ್ಟರ್ ಕಳೆದ ಮೇಲೆ ಒಂದು ಭಾನುವಾರ ಲುತ್ಸಿನಾ ನಮ್ಮಿಬ್ಬರನ್ನೂ ವಾವೆಲ್ ಗುಡ್ಡಕ್ಕೆ ಕರೆದಳು. ಜೆನೋನ್ ಕೂಡ ಬಂದ. ಗುಡ್ಡದ ಮೇಲಿನ ಹಳೆಯ ಅರಮನೆಯ ನೆಲ ಸವೆಯದಿರಲೆಂದು ಆಗೆಲ್ಲ ಶೂಗಳ ಮೇಲೆ ಬಟ್ಟೆಯ ದೊಡ್ಡ ಚಪ್ಪಲಿ ಕಟ್ಟಿಕೊಂಡೇ ಒಳಹೋಗಬೇಕಿತ್ತು. ಜೆನೋನ್ ಮಂಡಿಯೂರಿ ಲುತ್ಸಿನಾಳ ಚಪ್ಪಲಿಯ ದಾರ ಕಟ್ಟಿದ. ಬೊಗ್ನಾ ತನ್ನ ಕಾಲನ್ನೂ ಸ್ವಲ್ಪ ಮುಂದೆ ಚಾಚಿದಳು. ಅವನು ಎದ್ದು ನಿಂತ. ರಾಜರ ಮಂಚ, ಗೋಡೆಯ ಚಿತ್ರಗಂಬಳಿ ಯಾವುದನ್ನೂ ಅವಳು ನೋಡಲಿಲ್ಲ. ಆ ದಾರದ ಗಂಟನ್ನೇ ನೋಡುತ್ತಾ ಕಾಲೆಳೆದುಕೊಂಡು ನಡೆದಳು. ಹೊಟ್ಟೆಯುರಿ ಎಂದರೆ ಏನೆಂದು ನಾನು ಅವಳ ಮುಖದಲ್ಲಿ ಕಂಡೆ.

ಆಮೇಲೆ ಪಕ್ಕದ ಕೆಥೆಡ್ರಲ್ ಚರ್ಚಿನ ಗೋಪುರ. ಅಲ್ಲಿನ ದೊಡ್ಡ ಗಂಟೆಯ ನಾಲಗೆಯನ್ನು ಎಡಗೈಯಲ್ಲಿ ಮುಟ್ಟಿ ಬೇಡಿಕೊಂಡರೆ ಕೈಗೂಡುತ್ತದೆ, ಅದರಲ್ಲೂ ಮದುವೆ ವಿಷಯ, ಎಂದು ಊರಿಗೆಲ್ಲ ನಂಬಿಕೆ.

ಮೆಟ್ಟಿಲ ಬುಡದಲ್ಲಿ ಬೊಗ್ನಾ, "ಇದನ್ನ ಸ್ವಲ್ಪ ಹಿಡ್ಕೊಳೇ, ಮಂಡಿ ನೋವು" ಎಂದು ತನ್ನ ಭಾರದ ಚೀಲವನ್ನು ಲುತ್ಸಿನಾಳ ಎಡಗೈಗೆ ನೇತುಹಾಕಿದಳು. ಆಮೇಲೆ ಆ ಮಂಡಿ ನೋವಿನವಳು ಮರದ ತೊಲೆಗಳ ಕೆಳಗೆ ತಲೆ ತಗ್ಗಿಸುತ್ತಾ ಮೇಕೆಯಂತೆ ಹತ್ತಿದಳು. ನಾವು ಏದುಸಿರು ಬಿಡುತ್ತಾ ಮೇಲೆ ಬಂದಾಗ ಕಣ್ಣು ಮುಚ್ಚಿ, ಎಡ ಅಂಗೈಯನ್ನು ಆ ಕಬ್ಬಿಣಕ್ಕೆ ಒತ್ತಿ ನಿಂತಿದ್ದಳು.

"ಮದ್ವೆಗೇ ಬೇಡ್ಕೊಂಡ್ಯಾ?" ಲುತ್ಸಿನಾ ನಕ್ಕಳು.

"ನೀನೂ ಬೇಡ್ಕೋ, ಯಾರು ಬೇಡ ಅಂದ್ರು?" ಎಂದಳು ಬೊಗ್ನಾ. ಚೀಲವನ್ನು ಮಾತ್ರ ವಾಪಸ್ ಇಸಿದುಕೊಳ್ಳಲಿಲ್ಲ.

ಲುತ್ಸಿನಾ ಗಂಟೆಯ ಕಡೆ ತಿರುಗಿಯೂ ನೋಡಲಿಲ್ಲ. "ನಂಗಿನ್ಯಾಕೇ? ಜೂನಲ್ಲಿ ನಮ್ಮಿಬ್ರ ಮದ್ವೆ. ಸಾಕ್ಷಿಗೆ ನೀನೇ ನಿಲ್ಬೇಕು. ಅದನ್ನ ಕೇಳೋಕೇ ಇಲ್ಲಿಗೆ ಕರ್ಕೊಂಡು ಬಂದಿದ್ದು."

ಜೆನೋನ್ ಟೋಪಿ ತೆಗೆದ. "ನಿಮ್ಗೆ ಜ್ವರ ಬರ್ದೇ ಇದ್ದಿದ್ರೆ ನಮ್ಗೆ ಪರಿಚಯಾನೇ ಆಗ್ತಿರ್ಲಿಲ್ಲ, ಬೊಗ್ನಾ ಅವ್ರೇ." ಪಾಪ, ಒಳ್ಳೆಯ ಮಾತೆಂದೇ ಹೇಳಿದ.

"ಹಾಗಾದ್ರೆ ಆ ಜ್ವರಕ್ಕೇ ಥ್ಯಾಂಕ್ಸ್ ಹೇಳಿ," ಎಂದಳು ಬೊಗ್ನಾ. ಗಂಟೆಯ ನಾಲಗೆಯ ಮೇಲಿನ ಕೈ ತೆಗೆದಿರಲಿಲ್ಲ. ಹಿಂದೆ ಸರದಿಯಲ್ಲಿದ್ದವರು ಗೊಣಗಿದ ಮೇಲೆ ಈಚೆ ಬಂದಳು.

ಜೂನ್‌ನಲ್ಲಿ ಅವಳೇ ಸಾಕ್ಷಿ ನಿಂತಳು. ಬಲಗೈಯಲ್ಲಿ ಸಹಿ ಹಾಕಿದಳು, ಬಲಗೈಯಲ್ಲೇ ಇಬ್ಬರ ಕೈ ಕುಲುಕಿದಳು, ಹಾಡುವಾಗ ಎಲ್ಲರಿಗಿಂತ ಜೋರಾಗಿ ಹಾಡಿದಳು. ಎಡಗೈ ಮಾತ್ರ ಜಾಕೆಟ್ಟಿನ ಜೇಬಿನಿಂದ ಹೊರಗೆ ಬರಲೇ ಇಲ್ಲ.

"ಕೈಗೇನಾಯ್ತೇ?" ಎಂದು ಕಿವಿಯಲ್ಲಿ ಕೇಳಿದೆ.

"ಸುಮ್ನಿರೇ," ಎಂದಳು. "ಬೇಡ್ಕೊಂಡಿದ್ದನ್ನ ನಾನಿನ್ನೂ ವಾಪಸ್ ತಗೊಂಡಿಲ್ಲ."