ದೊಡ್ಡ ಬ್ರಶ್ಶಿನ ಟೀಚರ್

ಮೊನ್ನೆ ಆಂಟಾಪ್ ಹಿಲ್‌ನ ಗಲ್ಲಿಯೊಂದರಲ್ಲಿ ನಡೆದು ಬರುತ್ತಿದ್ದೆ. ಯಾರದೋ ಮನೆಯೊಳಗಿಂದ ತಂಬಾಕು ಹುರಿಯುವ ವಾಸನೆ ಬಂತು. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ ಹಲ್ಲಿಗೆ ತಿಕ್ಕಿಕೊಳ್ಳುತ್ತಾರಲ್ಲ, ಆ ಮಶೇರಿ. ಇನ್ನೂ ಅದನ್ನು ಮಾಡುವವರಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. ಘಾಟಿಗೆ ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು, ಹಿಂದೆಯೇ ಸಿಟ್ಟೂ ಬಂತು. ನಮ್ಮ ಟೀಚರ್ ಮೇಲಿನ ಸಿಟ್ಟು. ಇಷ್ಟು ವರ್ಷವಾದರೂ ಅದು ಆರಿಲ್ಲ.

ಐವತ್ತರ ದಶಕದ ಮಾತು. ಸಯನ್ ಹತ್ತಿರದ ಒಂದು ಚಾಳಿನಲ್ಲಿ, ಒಂದೊಂದೇ ಕೋಣೆಯ ಸಾಲುಮನೆಗಳಲ್ಲಿ, ನಮ್ಮ ಮನೆ. ವಿಜಾಪುರದ ಕಡೆಯಿಂದ ಬಂದವರು ನಾವು, ಅಪ್ಪ ಬಂದರಿನಲ್ಲಿ ಮೂಟೆ ಹೊರುತ್ತಿದ್ದ. ನಾನೂ ಅಕ್ಕನೂ ಹೋಗುತ್ತಿದ್ದ ಕನ್ನಡ ಪ್ರೈಮರಿ ಶಾಲೆಯಲ್ಲಿ ಉಡುಪಿ ಹೋಟೆಲಿನವರ ಮಕ್ಕಳು, ಫೋರ್ಟಿನ ಆಫೀಸುಗಳಿಗೆ ಹೋಗುವವರ ಮಕ್ಕಳು, ನಮ್ಮಂಥ ಕೂಲಿಯವರ ಮಕ್ಕಳು ಎಲ್ಲ ಒಂದೇ ಕೋಣೆಯಲ್ಲಿ ಕೂರುತ್ತಿದ್ದೆವು. ಎರಡು ತರಗತಿಗೆ ಒಬ್ಬರೇ ಟೀಚರ್, ಮೈಸೂರಿನವರು. ಇಸ್ತ್ರಿ ಮಾಡಿದ ಬಿಳಿ ಸೀರೆ, ನಕ್ಕರೆ ಸಾಲಾಗಿ ಕಾಣುವ ಹಲ್ಲು...

ಹಲ್ಲಿನ ಪಾಠವೆಂದರೆ ಅವರಿಗೆ ಪ್ರಾಣ. ಸುಣ್ಣದಲ್ಲಿ ಮಾಡಿದ ದೊಡ್ಡ ಮಾದರಿ ದವಡೆಯೊಂದನ್ನು ಮೇಜಿನ ಮೇಲಿಟ್ಟು, ಪೊರಕೆಯಷ್ಟು ಉದ್ದದ ಮರದ ಬ್ರಶ್ಶಿನಿಂದ ತಿಕ್ಕಿ ತೋರಿಸುತ್ತಿದ್ದರು. ಮೇಲಿನ ಹಲ್ಲು ಮೇಲಿನಿಂದ ಕೆಳಗೆ, ಕೆಳಗಿನ ಹಲ್ಲು ಕೆಳಗಿನಿಂದ ಮೇಲೆ. ನಮ್ಮಲ್ಲಿ ಅರ್ಧದಷ್ಟು ಮಕ್ಕಳು ಬ್ರಶ್ಶನ್ನೇ ಕಂಡವರಲ್ಲ. ಗಾಳಿಯಲ್ಲಿ ಬೆರಳಾಡಿಸಿ ಕಲಿತೆವು.

ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಅಕ್ಕ. ದೊಡ್ಡವಳಾಗಿ ಟೀಚರ್ ಆಗುತ್ತೇನೆ ಎಂಬ ಹುಚ್ಚು ಅವಳಿಗೆ. ಶಾಲೆ ಬಿಟ್ಟು ಬಂದ ಮೇಲೆ ಚಾಳಿನ ಮಕ್ಕಳನ್ನೆಲ್ಲ ನಲ್ಲಿಯ ಹತ್ತಿರ ಸಾಲಾಗಿ ನಿಲ್ಲಿಸಿ, ಅವ್ವನ ಹಿಟ್ಟಿನ ಸವಟು ಹಿಡಿದು ಹಲ್ಲಿನ ಪಾಠ ಮಾಡುತ್ತಿದ್ದಳು. ಟೀಚರ್ ಥರವೇ ಕತ್ತು ಕೊಂಕಿಸಿ ಮಾತಾಡುವಳು. ಅವ್ವ ಸವಟು ಹುಡುಕುತ್ತ ಬಂದು ಬೈಯುವವರೆಗೂ ನಮ್ಮ ಶಾಲೆ ನಡೆಯುತ್ತಿತ್ತು.

ಒಂದು ದಿನ ಟೀಚರ್, ನಾಳೆ ನಮ್ಮ ಹಲ್ಲಿನ ಪಾಠ ನೋಡಲು ದೊಡ್ಡವರು ಬರುತ್ತಾರೆ, ಎಲ್ಲರೂ ಚೆನ್ನಾಗಿ ಹಲ್ಲುಜ್ಜಿಕೊಂಡು ಬನ್ನಿ ಎಂದರು. ಅಕ್ಕನಿಗೆ ರಾತ್ರಿಯಿಡೀ ಅದೇ ಧ್ಯಾನ. ನಮ್ಮ ಮನೆಯಲ್ಲಿ ಸಣ್ಣವರಿಗೆ ಶೇಗಡಿ ಒಲೆಯ ಇದ್ದಿಲು, ಹೆಂಗಸರಿಗೆ ಮಶೇರಿ. ಹಲ್ಲು ಗಟ್ಟಿಯಾಗುವುದು, ಬಾಯಿ ಸ್ವಚ್ಛವಾಗುವುದು ಅದರಿಂದಲೇ ಎಂದು ಅವ್ವ, ಅಜ್ಜಿ ಎಲ್ಲರೂ ನಂಬಿದ್ದರು. ಅಕ್ಕನಿಗೂ ಆ ವರ್ಷದಿಂದ ಮಶೇರಿ ಶುರುವಾಗಿತ್ತು. ಬೆಳಿಗ್ಗೆ ಎದ್ದವಳೇ ತಾನೇ ಹೊಸದಾಗಿ ಹುರಿದು ತಿಕ್ಕಿದಳು. ಬಾಯಿ ತೊಳೆದು ಮತ್ತೊಮ್ಮೆ ತಿಕ್ಕಿದಳು. ದೊಡ್ಡವರು ಬರುತ್ತಾರಲ್ಲ.

ಬಂದವರು ಕುರ್ಚಿಗಳಲ್ಲಿ ಕೂತರು. ಹೋಟೆಲಿನವರ ಹುಡುಗ, ಆಫೀಸಿನವರ ಹುಡುಗಿ ಬಾಯಿ ತೆರೆದು ತೋರಿಸಿ ಚಪ್ಪಾಳೆ ಗಿಟ್ಟಿಸಿದರು. ಅಕ್ಕ ಕೈಯೆತ್ತಿ ಎತ್ತಿ ಕೊನೆಗೆ ಎದ್ದೇ ನಿಂತಳು. ಟೀಚರ್ ಕರೆದರು. ಅವಳು ಎಷ್ಟು ದೊಡ್ಡದಾಗಿ ಬಾಯಿ ತೆರೆದಳೆಂದರೆ, ಹಿಂದೆ ಕೂತ ನನಗೂ ಕಾಣಿಸಿತು. ಹಲ್ಲಿನ ಸಂದಿಯಲ್ಲೆಲ್ಲ ಕಪ್ಪು ನಿಂತಿತ್ತು.

ಟೀಚರ್ ಮುಖ ಕೆಂಪಾಯಿತು. ಅಕ್ಕನ ಗದ್ದ ಹಿಡಿದು ಕುರ್ಚಿಗಳ ಕಡೆ ತಿರುಗಿಸಿದರು. "ನೋಡಿ, ನಾವಿಲ್ಲಿ ಎಷ್ಟು ಹೇಳಿಕೊಟ್ಟರೂ ಮನೆಯಿಂದ ಬರೋದು ಇಂಥ ಬಾಯಿ" ಎಂದರು. ಕೂತವರು ನಕ್ಕರು. ಮಕ್ಕಳು ಬಿಡುತ್ತಾರೆಯೇ, ಅವರೂ ನಕ್ಕರು. ಅಕ್ಕ ಮಾತ್ರ ಬಾಯಿ ಮುಚ್ಚಲಿಲ್ಲ. ಮುಚ್ಚು ಎಂದು ಟೀಚರ್ ಹೇಳಿರಲಿಲ್ಲ.

ಮನೆಗೆ ಬಂದು ಅವ್ವನ ಮುಂದೆ ಅವಳು ಹೇಳಿದ್ದು ಇಷ್ಟೇ: "ಎರಡು ಸಲ ತಿಕ್ಕೊಂಡು ಹೋಗಿದ್ದೆ ಯವ್ವಾ... ಇನ್ನ ಹೆಂಗ ತಿಕ್ಕಬೇಕಿತ್ತು?"

ಮರುದಿನದಿಂದ ಅವಳು ಶಾಲೆಗೆ ಹೋಗಲಿಲ್ಲ. ಅಪ್ಪ ಹೊಡೆದ, ಅವ್ವ ಮುದ್ದು ಮಾಡಿದಳು, ಯಾವುದಕ್ಕೂ ಜಗ್ಗಲಿಲ್ಲ. ಕೆಲವು ದಿನ ಬಿಟ್ಟು ಟೀಚರ್ ನಮ್ಮ ಚಾಳಿಗೆ ಬಂದರು. ಪಕ್ಕದ ಮನೆಯಲ್ಲಿ ಮಶೇರಿ ಹುರಿಯುತ್ತಿದ್ದರು, ಇವರು ಮೂಗಿಗೆ ಸೆರಗು ಹಿಡಿದು ಹೊಸ್ತಿಲ ಆಚೆಯೇ ನಿಂತರು. ಕೈಯಲ್ಲಿ ಹಲ್ಲುಪುಡಿಯ ಡಬ್ಬಿ. ಇದರಲ್ಲಿ ಉಜ್ಜಿಸಿ ಕಳಿಸಿ, ಜಾಣ ಹುಡುಗಿ ಎಂದರು.

"ಪುಡಿ ತಗೊಂಡು ಏನ್ ಮಾಡೂದ್ರಿ ಟೀಚರ್ರ," ಎಂದಳು ಅವ್ವ, "ಅಕಿ ಬಾಯೇ ತೆರಿವಲ್ಲಳು."

ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು ಅವರು ಹೊರಟುಹೋದರು. ಆ ಪುಡಿಯನ್ನು ತಿಕ್ಕಿಕೊಂಡವಳು ನಾನು.

ಮಶೇರಿ ಕೆಟ್ಟದ್ದು, ಒಪ್ಪಿದೆ. ಟೀಚರ್ ಕಲಿಸಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಆದರೆ ವರ್ಷವಿಡೀ ಸುಣ್ಣದ ದವಡೆಯನ್ನು ತಿಕ್ಕಿದ ಆ ಮಹಾತಾಯಿ, ಮನೆಯಲ್ಲಿ ಏನು ಹಾಕಿ ತಿಕ್ಕುತ್ತೀರಿ ಎಂದು ಒಂದು ದಿನ ನಮ್ಮನ್ನು ಕೇಳಲಿಲ್ಲ. ಕೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಬಂದವರ ಎದುರು ತನ್ನ ಮಾನ ಉಳಿಸಿಕೊಳ್ಳಲು ಒಂದು ಮಗುವಿನ ಗದ್ದ ಹಿಡಿದು ತಿರುಗಿಸಿದರಲ್ಲ, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಒಳ್ಳೆಯವರು, ಮಕ್ಕಳೆಂದರೆ ಜೀವ ಬಿಡುತ್ತಿದ್ದರು ಎಂದು ಅವರ ಬಗ್ಗೆ ಹೇಳುವವರಿದ್ದಾರೆ. ಹೇಳಿಕೊಳ್ಳಲಿ.

ಅಕ್ಕ ಬೇರೆಯವರ ಮನೆಗಳಲ್ಲಿ ಪಾತ್ರೆ ತಿಕ್ಕಿ ಬದುಕಿದಳು. ನಗು ಬಂದರೆ ಸೆರಗು ಬಾಯಿಗೆ ಹೋಗುತ್ತಿತ್ತು. ಮದುವೆಯ ಫೋಟೋದಲ್ಲೂ ತುಟಿ ಬಿಗಿದುಕೊಂಡೇ ನಿಂತಿದ್ದಾಳೆ. ಹೋದ ವರ್ಷ ಅವಳು ತೀರಿಕೊಂಡಾಗ ಬಾಯಿ ಸ್ವಲ್ಪ ತೆರೆದೇ ಇತ್ತು. ಯಾರೋ ಸೆರಗೆಳೆದು ಮುಚ್ಚಲು ಬಂದರು. ನಾನು ಅವರ ಕೈ ಹಿಡಿದು ಬೇಡ ಎಂದೆ.

ಟೀಚರ್ ಎಂದೋ ಹೋಗಿರಬೇಕು. ಜಗಳ ಆಡೋಣವೆಂದರೂ ಯಾರೂ ಉಳಿದಿಲ್ಲ. ಮೊನ್ನೆ ಮನೆಗೆ ಬಂದ ಮೇಲೂ ಸೀರೆಯಲ್ಲಿ ಆ ಘಾಟು ಇತ್ತು. ಮಲಗುವ ಮುಂಚೆ ಬ್ರಶ್ ಹಿಡಿದು ಕನ್ನಡಿಯೆದುರು ನಿಂತೆ. ಕೈ ತಾನಾಗಿಯೇ ಮೇಲಿನ ಹಲ್ಲನ್ನು ಮೇಲಿನಿಂದ ಕೆಳಗೆ, ಕೆಳಗಿನ ಹಲ್ಲನ್ನು ಕೆಳಗಿನಿಂದ ಮೇಲೆ... ಅಕ್ಕನಿಗೂ ಇದು ಬರುತ್ತಿತ್ತು. ನನಗಿಂತ ಚೆನ್ನಾಗಿ ಬರುತ್ತಿತ್ತು.