ಪೆನ್‌ಡ್ರೈವ್‌ನಲ್ಲಿದ್ದ ಮುಖಗಳು

ಕಾನಹೊಸಹಳ್ಳಿಯ ಬಸ್ ನಿಲ್ದಾಣದ ಎದುರು ಸುಮಲತಾಳ ಡಿಟಿಪಿ ಅಂಗಡಿ. ಮದುವೆ ಕಾರ್ಡಿಗಿಂತ ಅಲ್ಲಿ ಹೆಚ್ಚು ತಯಾರಾಗುವುದು ಪುಣ್ಯಸ್ಮರಣೆಯ ಫ್ಲೆಕ್ಸ್. ಎಷ್ಟೋ ಮನೆಗಳಲ್ಲಿ ಸತ್ತವರ ಫೋಟೋ ಇರುವುದಿಲ್ಲ. ಯಾರದೋ ಮದುವೆಯ ಗುಂಪಿನಲ್ಲಿ ಅಂಚಿಗೆ ನಿಂತವರನ್ನು ಬೆರಳಿಟ್ಟು ತೋರಿಸುತ್ತಾರೆ. ಸುಮಲತಾ ಆ ಮುಖವನ್ನು ಬಿಡಿಸಿ ತೆಗೆದು, ಬಿಳಿ ಅಂಗಿ ತೊಡಿಸಿ, ಹಣೆಗೆ ವಿಭೂತಿಯನ್ನೋ ಭಂಡಾರದ ಅರಿಶಿನವನ್ನೋ ಹಚ್ಚುತ್ತಾಳೆ. ಮರುವರ್ಷಕ್ಕೂ ಬೇಕಾಗುತ್ತದೆಂದು ಎಲ್ಲ ಮುಖಗಳನ್ನು ಒಂದು ಪೆನ್‌ಡ್ರೈವ್‌ನಲ್ಲಿ ಕಾದಿಟ್ಟಿದ್ದಳು.

ಕಂಪ್ಯೂಟರ್ ಹಳೆಯದು. "ಇದು ಕಣ್ಣು ಬಿಡೂದ್ರಾಗ ಕೂಡ್ಲಿಗಿಗೆ ಹೋಗಿ ಮಾಡಿಸ್ಕೊಂಡು ಬರ್ತೀವಿ ಬಿಡಕ್ಕ" ಎಂದು ನಗುತ್ತ ಹೇಳುತ್ತಿದ್ದ ಗಿರಾಕಿಗಳು ನಿಜಕ್ಕೂ ಹೋಗತೊಡಗಿದರು. ರಿಪೇರಿಯ ಗವಿಸಿದ್ದೇಶ್ ಫೋನಿನಲ್ಲಿ ಉಪಾಯ ಹೇಳಿದ: ಖಾಲಿ ಪೆನ್‌ಡ್ರೈವ್ ಚುಚ್ಚಿ, ಅದನ್ನೇ ಮೆಮೊರಿಯಂತೆ ಬಳಸುವ ರೆಡಿಬೂಸ್ಟ್ ಆನ್ ಮಾಡಿದರೆ ಕಂಪ್ಯೂಟರ್ ತುಸು ಚುರುಕಾಗುತ್ತದೆ. ಅವಳ ಬಳಿ ಇದ್ದದ್ದು ಮುಖಗಳ ಪೆನ್‌ಡ್ರೈವ್ ಒಂದೇ. ಮುಖಗಳನ್ನು ಕಂಪ್ಯೂಟರಿಗೆ ಕಾಪಿ ಮಾಡಲು ಹಾಕಿದಳು. ಕಾಪಿ ಶುರುವಾಗುತ್ತಲೇ ತೆರೆ ಸ್ತಬ್ಧವಾಯಿತು. ಆಫ್ ಮಾಡಿ ಮತ್ತೆ ಹಚ್ಚಿದಾಗ ಫೋಲ್ಡರಿನ ಹೆಸರು ಕಂಡಿತು. ಕಾಪಿ ಆಗಿದೆ ಎಂದುಕೊಂಡು, ಒಳಗೆ ನೋಡದೆ ಪೆನ್‌ಡ್ರೈವ್ ಅಳಿಸಿ ರೆಡಿಬೂಸ್ಟ್ ಆನ್ ಮಾಡಿದಳು.

ಕೆಲಸ ಚುರುಕಾಯಿತು. ಆಮೇಲೆ ಗುಡೇಕೋಟೆಯಿಂದ ಕುರಿ ಸಾಕುವ ದ್ಯಾಮಕ್ಕ ಬಂದಳು. ಗಂಡ ಪಾಲಾಕ್ಷಪ್ಪ ತೀರಿಹೋಗಿ ವರ್ಷವಾಗಿತ್ತು. ಆಗ ಸುಮಲತಾ ಗುಂಪಿನ ಫೋಟೋದಿಂದ ಬಿಡಿಸಿದ್ದ ಅದೇ ಮುಖ ಹಾಕಿ ಫ್ಲೆಕ್ಸ್ ಆಗಬೇಕಿತ್ತು. ಆ ಫೋಟೋ ಇದ್ದ ಮೊಬೈಲು ಕೆಟ್ಟು ಹೋಗಿತ್ತು.

ಸುಮಲತಾ ಫೋಲ್ಡರ್ ತೆರೆದಳು. ಖಾಲಿ.

"ನನ್ನ ಕೈಯಿಂದನ ಅಳಿಸಿ ಹೋಗೈತಿ ದ್ಯಾಮಕ್ಕ."

ದ್ಯಾಮಕ್ಕ ಬೈಯಲಿಲ್ಲ. "ಅಂವ ಇದ್ದಾಗ್ಲೂ ಹಂಗ. ಕುರಿ ಹಿಂದ ಹೋದ್ರ ಕರದ್ರೂ ಸಿಗತಿದ್ದಿಲ್ಲ" ಎಂದಳು. ನಗಲು ನೋಡಿದಳು, ಆಗಲಿಲ್ಲ.

ಮರುದಿನ ಹೋದ ವರ್ಷದ ಫ್ಲೆಕ್ಸ್ ತಂದಳು. ಕುರಿಮರಿಗಳ ಗೂಡಿಗೆ ನೆರಳಿಗೆಂದು ಹೊದಿಸಿದ್ದದ್ದು. ಹೆಸರು ಕಪ್ಪಗೆ ಉಳಿದಿತ್ತು, ಮುಖವನ್ನು ಬಿಸಿಲು ತಿಂದಿತ್ತು. ಸುಮಲತಾ ಅದರ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿ, ಕಣ್ಣು ತಿದ್ದಿದಳು, ಮೀಸೆ ಗಾಢ ಮಾಡಿದಳು. ಹೇಳಿದ್ದನ್ನೆಲ್ಲ ಕಂಪ್ಯೂಟರ್ ತಡವಿಲ್ಲದೆ ಮಾಡಿತು.

ದ್ಯಾಮಕ್ಕ ತೆರೆಯ ಹತ್ತಿರ ಬಗ್ಗಿದಳು.

"ಇವ ಯಾರೋ ಬ್ಯಾರೆ. ಬ್ಯಾಡ ತಂಗಿ, ಹೆಸರು ಒಂದ ಹಾಕು."

ಸುಮಲತಾ ಮುಖವನ್ನು ತೆಗೆದು ಆ ಜಾಗದಲ್ಲಿ ದೀಪವಿಟ್ಟಳು. ಹಳೆಯ ಫ್ಲೆಕ್ಸನ್ನು ತನ್ನಲ್ಲೇ ಬಿಟ್ಟು ಹೋಗುವೆಯಾ ಎಂದು ಕೇಳಿದಳು. ಆ ಮುಖವನ್ನು ಇನ್ನೊಮ್ಮೆ ತಿದ್ದಿ ನೋಡುವ ಆಸೆ ಅವಳಿಗೆ. ದ್ಯಾಮಕ್ಕ ಇಲ್ಲವೆಂದು ತಲೆಯಾಡಿಸಿ, ಅದನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. ಅತ್ತ ಊರಿನಲ್ಲಿ, ಹೊದಿಕೆ ತೆಗೆದ ಗೂಡಿನಲ್ಲಿ ಮರಿಗಳ ಮೇಲೆ ಬಿಸಿಲು ಬೀಳುತ್ತಿತ್ತು.